ಕನ್ನಡದ ‘ಅಲ್ಲಿ’ ಒಂದು, ಇಂಗ್ಲಿಷಿನ ದಾರಿ ಮೂರು

ಇಂಗ್ಲಿಷಿನ ಕ್ರಿಯಾಪದಗಳನ್ನು ಚೆನ್ನಾಗಿ ಕಲಿತವರೂ ಎಡವುವ ಜಾಗವೊಂದಿದೆ. ಅದು ಪ್ರಿಪೊಸಿಷನ್. ಪದ ಚಿಕ್ಕದಾದರೂ ಅದು ತಪ್ಪಿದರೆ ಅರ್ಥವೇ ಬದಲಾಗಬಹುದು. ‘ಥ್ರೋ ದಿ ಬಾಲ್ ಟು ರವಿ’ ಎಂದರೆ ರವಿ ಹಿಡಿಯುವಂತೆ ಚೆಂಡು ಎಸೆ ಎಂದು. ‘ಅಟ್ ರವಿ’ ಎಂದರೆ ಅವನಿಗೆ ಗುರಿಯಿಟ್ಟು ಎಸೆ ಎಂದು!

ಈ ತೊಡಕಿಗೆ ಕಾರಣವೇನು? ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಮಾಡುವ ಕೆಲಸವನ್ನು ಕನ್ನಡದಲ್ಲಿ ಬಹುಮಟ್ಟಿಗೆ ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ. ಆದರೆ ಒಂದು ಪ್ರತ್ಯಯಕ್ಕೆ ಒಂದೇ ಪ್ರಿಪೊಸಿಷನ್ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಊರಿನಲ್ಲಿ, ಗೋಡೆಯಲ್ಲಿ, ಬಾಗಿಲಲ್ಲಿ – ಮೂರಕ್ಕೂ ನಮ್ಮ ‘ಅಲ್ಲಿ’ ಸಾಕು. ಇಂಗ್ಲಿಷಿನಲ್ಲಿ ಅವು ‘ಇನ್ ದಿ ವಿಲೇಜ್’, ‘ಆನ್ ದಿ ವಾಲ್’, ‘ಅಟ್ ದಿ ಡೋರ್’ ಆಗುತ್ತವೆ. ಒಳಗಿದ್ದರೆ ‘ಇನ್’, ಮೇಲ್ಮೈಗೆ ತಾಗಿದ್ದರೆ ‘ಆನ್’, ಒಂದು ಬಿಂದುವೆಂದು ಎಣಿಸಿದರೆ ‘ಅಟ್’.

ಕಾಲಕ್ಕೂ ಇದೇ ಕ್ರಮ. ಗಂಟೆಗೆ ‘ಅಟ್’, ದಿನಕ್ಕೆ ‘ಆನ್’, ತಿಂಗಳು ಮತ್ತು ವರ್ಷಕ್ಕೆ ‘ಇನ್’. ಇನ್ನು ಅಪವಾದಗಳು: ಬೆಳಿಗ್ಗೆ ಎನ್ನಲು ‘ಇನ್ ದಿ ಮಾರ್ನಿಂಗ್’, ರಾತ್ರಿ ಎನ್ನಲು ‘ಅಟ್ ನೈಟ್’. ಬೆಳಿಗ್ಗೆಗೆ ವಾರದ ಹೆಸರು ಸೇರಿದೊಡನೆ ‘ಆನ್ ಮಂಡೇ ಮಾರ್ನಿಂಗ್’. ವಾರಾಂತ್ಯಕ್ಕೆ ಬ್ರಿಟನ್ನಿನವರು ‘ಅಟ್’ ಎಂದರೆ ಅಮೆರಿಕದವರು ‘ಆನ್’ ಎನ್ನುತ್ತಾರೆ. ಇಲ್ಲಿ ತರ್ಕಕ್ಕಿಂತ ರೂಢಿಯೇ ದೊಡ್ಡದು.

ಈಗ ‘ಇಂದ’ ಪ್ರತ್ಯಯವನ್ನು ನೋಡಿ. ‘2020ರಿಂದ’ ಎಂಬಲ್ಲಿ ಕಾಲದ ಆರಂಭವಿದೆ. ಆದ್ದರಿಂದ ‘ಸಿನ್ಸ್ 2020’. ‘ಮೂರು ವರ್ಷಗಳಿಂದ’ ಎಂಬಲ್ಲಿ ಕಾಲದ ಅಳತೆಯಿದೆ. ಆದ್ದರಿಂದ ‘ಫಾರ್ ತ್ರೀ ಇಯರ್ಸ್’. ಉದ್ಯೋಗದ ಅರ್ಜಿಗಳಲ್ಲಿ ‘ಸಿನ್ಸ್ ತ್ರೀ ಇಯರ್ಸ್’ ಎಂದು ಬರೆಯುವ ರೂಢಿ ನಮ್ಮಲ್ಲಿ ಬಹಳ, ಅದನ್ನು ಬಿಡಬೇಕು. ಹಾಗೆಯೇ, ಮೂಲವಸ್ತು ಕಣ್ಣಿಗೆ ಕಾಣುವಂತೆ ಉಳಿದಿದ್ದರೆ ‘ಮೇಡ್ ಆಫ್ ವುಡ್’. ಹಾಲು ಮೊಸರಾದಂತೆ ರೂಪ ಬದಲಾಗಿದ್ದರೆ ‘ಮೇಡ್ ಫ್ರಮ್ ಮಿಲ್ಕ್’.

ಕೆಲವು ಕಡೆ ಕನ್ನಡದ ನೆನಪೇ ನಮ್ಮನ್ನು ದಾರಿ ತಪ್ಪಿಸುತ್ತದೆ. ‘ಅವನ ಮೇಲೆ ಕೋಪ’ ಎಂಬುದು ‘ಆಂಗ್ರಿ ಆನ್’ ಅಲ್ಲ, ‘ಆಂಗ್ರಿ ವಿತ್’. ‘ಅವನೊಂದಿಗೆ ಮದುವೆಯಾಗಿದೆ’ ಎಂಬುದು ‘ಮ್ಯಾರೀಡ್ ವಿತ್’ ಅಲ್ಲ, ‘ಮ್ಯಾರೀಡ್ ಟು’. ‘ಆ ವಿಷಯದ ಬಗ್ಗೆ ಚರ್ಚಿಸಿದೆವು’ ಎನ್ನುವಾಗ ‘ಡಿಸ್ಕಸ್’ ಪದಕ್ಕೆ ‘ಅಬೌಟ್’ ಬೇಡವೇ ಬೇಡ. ಕೋಣೆಯನ್ನು ಪ್ರವೇಶಿಸಲು ‘ಎಂಟರ್ ದಿ ರೂಮ್’ ಸಾಕು. ಆದರೆ ಒಪ್ಪಂದ ಮಾಡಿಕೊಳ್ಳುವುದಾದರೆ ‘ಎಂಟರ್ ಇಂಟು’. ‘ಗಿಂತ’ ಎಂದೊಡನೆ ‘ದ್ಯಾನ್’ ನೆನಪಾಗುವುದು ಸಹಜ. ಆದರೆ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಇವು ಲ್ಯಾಟಿನ್ನಿನಿಂದ ಬಂದ ಪದಗಳು. ಇವುಗಳ ಮುಂದೆ ‘ಟು’ ಬರುತ್ತದೆ.

ಹಾಗಾದರೆ ಕಲಿಯುವುದು ಹೇಗೆ? ಸ್ಥಳ ಮತ್ತು ಕಾಲಕ್ಕೆ ನಿಯಮಗಳು ನೆರವಾಗುತ್ತವೆ. ಉಳಿದ ಕಡೆ ಪದವನ್ನು ಒಂಟಿಯಾಗಿ ಕಲಿಯಬೇಡಿ, ಜೋಡಿಯಾಗಿ ಕಲಿಯಿರಿ. ‘ಡಿಪೆಂಡ್’ ಎಂದು ಬರೆದುಕೊಳ್ಳುವ ಬದಲು ‘ಡಿಪೆಂಡ್ ಆನ್’ ಎಂದೂ, ‘ಅಫ್ರೇಡ್’ ಎಂಬುದರ ಬದಲು ‘ಅಫ್ರೇಡ್ ಆಫ್’ ಎಂದೂ ಬರೆದುಕೊಳ್ಳಿ. ಪಾಠ ಓದುವಾಗ ಇಂಥ ಜೋಡಿಗಳು ಕಂಡರೆ ಅಡಿಗೆರೆ ಎಳೆಯಿರಿ. ದಿನಕ್ಕೆ ಐದಾದರೂ ಟಿಪ್ಪಣಿ ಪುಸ್ತಕಕ್ಕೆ ಸೇರಲಿ. ಪ್ರತಿಯೊಂದಕ್ಕೂ ಒಂದು ಸ್ವಂತ ವಾಕ್ಯ ರಚಿಸಿ, ಗಟ್ಟಿಯಾಗಿ ಓದಿ. ಕಿವಿ ಪಳಗಿದರೆ ತಪ್ಪು ತಾನಾಗಿಯೇ ಕೇಳಿಸುತ್ತದೆ.

ಅಭ್ಯಾಸಕ್ಕೆ: ಬಿಟ್ಟ ಜಾಗ ತುಂಬಿರಿ. ಒಂದು ಕಡೆ ಏನನ್ನೂ ತುಂಬಬೇಕಾಗಿಲ್ಲ!
1. ಹೀ ಹ್ಯಾಸ್ ಬೀನ್ ಇಲ್ ––– ಫ್ರೈಡೇ.
2. ವೀ ರೀಚ್ಡ್ ––– ಹಾಸನ ಅಟ್ ಟೆನ್.
3. ಶೀ ಪ್ರಿಫರ್ಸ್ ಟೀ ––– ಕಾಫಿ.

ಉತ್ತರ: 1. ಸಿನ್ಸ್. 2. ಏನೂ ಬೇಡ. 3. ಟು.