ಭಾರವೇ ಗಾರೆ

ನಿಪ್ಪಾಣಿ, ಚಿಕ್ಕೋಡಿ, ಅಥಣಿ ಕಡೆ ಬಾವಿ ತೋಡುವವರಿಗೆ ಎರೆಮಣ್ಣಿನ ಕೆಳಗೆ ಸಿಗುವುದು ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು ಹರಿದ ಲಾವಾ ಪದರಪದರವಾಗಿ ಆರಿ ಈ ಬಸಾಲ್ಟ್ ಆಯಿತು. ಎರೆಮಣ್ಣೂ ಅದೇ ಕಲ್ಲು ಸವೆದು ಆದದ್ದು.

ಈ ಕಲ್ಲು ಎಂಥ ಕೆಲಸಕ್ಕೆ ಒದಗೀತು ಎಂದು ತಿಳಿಯಲು ಕಾಗವಾಡ ತಾಲ್ಲೂಕಿನ ಜುಗೂಳದಿಂದ ಕೃಷ್ಣೆಯ ಆಚೆ ದಡಕ್ಕೆ, ಕೊಲ್ಹಾಪುರ ಜಿಲ್ಲೆಯ ಖಿದ್ರಾಪುರಕ್ಕೆ ಹೋಗಬೇಕು. ಅಲ್ಲಿನ ಕೋಪೇಶ್ವರ ಗುಡಿ 12ನೇ ಶತಮಾನದ್ದು, ಶಿಲಾಹಾರರ ಕಾಲದ್ದು. ಹಳಗನ್ನಡ ಶಾಸನಗಳ ಜೊತೆಗೆ ಯಾದವ ಸಿಂಘಣನ ಸಂಸ್ಕೃತ ಶಾಸನವೂ ಅಲ್ಲಿದೆ. ಶಿವನ ಗುಡಿಯಾದರೂ ನಂದಿ ಇಲ್ಲ. ಆ ನಂದಿ ನಮ್ಮ ಯಡೂರಿನಲ್ಲಿದೆ ಎನ್ನುತ್ತಾರೆ ಜನ.

ಕೆಲಸ ಶುರುವಾಗುವುದು ಕಲ್ಲಿನ ಆಯ್ಕೆಯಿಂದ. ಲಾವಾ ಪದರದ ಮೇಲ್ಭಾಗದಲ್ಲಿ ಗಾಳಿಗುಳ್ಳೆಗಳ ತೂತು. ನಡುಭಾಗ ಮಾತ್ರ ಗಟ್ಟಿ. ಆರುವಾಗ ಕುಗ್ಗಿದ ಬಂಡೆಯಲ್ಲಿ ಬಿರುಕುಗಳೂ ಇರುತ್ತವೆ. ಎರಡು ಬಿರುಕುಗಳ ನಡುವೆ ಎಷ್ಟು ಉದ್ದದ ಕಲ್ಲು ಸಿಕ್ಕಿತೋ ತೊಲೆಯ ಉದ್ದ ಅಷ್ಟೇ. ಕಣ ಬಲು ಸಣ್ಣದಾದ್ದರಿಂದ ಒಮ್ಮೆ ಕಡೆದ ಅಂಚು ಬೇಗ ಮೊಂಡಾಗುವುದಿಲ್ಲ. ಆದರೆ ಉಳಿಯ ಒಂದೊಂದು ಏಟಿಗೂ ಏಳುವುದು ಚೂರೇ ಚೂರು. ಗುಡಿಯ ಬುಡದ ಸುತ್ತ ಸಾಲುಗಟ್ಟಿ ನಿಂತ ಆನೆಗಳನ್ನು ನೋಡುವಾಗ ಈ ಲೆಕ್ಕ ನೆನಪಿರಲಿ.

ಮುಂಭಾಗದ ಸ್ವರ್ಗಮಂಟಪದಲ್ಲಿ ಒಳಸುತ್ತಿನ 12 ಕಂಬಗಳ ಮೇಲೆ ಕಲ್ಲಿನ ಸುತ್ತುಗಳು ಒಳಕ್ಕೆ ಚಾಚಿ, ನಡುವೆ ಸುಮಾರು 13 ಅಡಿ ಅಗಲದ ದುಂಡು ಬಯಲನ್ನು ಬಿಟ್ಟಿವೆ. ಅಲ್ಲಿಂದ ಕಾಣುವುದು ಆಕಾಶ. ಕೆಳಗೆ ನೆಲದಲ್ಲಿ ಅದಕ್ಕೆ ಸರಿಯಾಗಿ ದುಂಡನೆಯ ದೊಡ್ಡ ಕಲ್ಲು. ಚಾಚಿದ ಕಲ್ಲು ಒಳಕ್ಕೆ ಬೀಳಲು ಹೊರಟರೆ ಅಕ್ಕಪಕ್ಕದ ಕಲ್ಲುಗಳು ಎದೆಯೊತ್ತಿ ತಡೆಯುತ್ತವೆ. ಹಿಂದಿನ ತುದಿಯನ್ನು ಮೇಲಿನ ಭಾರ ಅದುಮಿ ಹಿಡಿಯುತ್ತದೆ.

ರೋಮಿನ ಪ್ಯಾಂಥಿಯನ್ ಗುಡಿಯ ನೆತ್ತಿಯೂ ಹೀಗೇ ಬಯಲು. ಕ್ರಿ.ಶ. 2ನೇ ಶತಮಾನದ ಆ ಗುಮ್ಮಟದ ಅಗಲ 43 ಮೀಟರ್. ಆದರೆ ರೋಮಿನ ಸುತ್ತಲಿನ ಜ್ವಾಲಾಮುಖಿಗಳು ಸಿಡಿದು ಬೂದಿ ಉಗುಳಿದಂಥವು. ಆ ಬೂದಿ ಸುಣ್ಣದೊಡನೆ ಬೆರೆತರೆ ನೀರೊಳಗೂ ಗಟ್ಟಿಯಾಗುವ ಗಾರೆ. ಗುಮ್ಮಟ ಮೇಲೇರಿದಂತೆ ಕಾಂಕ್ರೀಟಿಗೆ ಹಗುರ ಕಲ್ಲು ಬೆರೆಸುತ್ತ, ತುದಿಗೆ ತೂತುತೂತಾದ ಪ್ಯೂಮಿಸ್ ಹಾಕಿದರು. ಗಟ್ಟಿ ಲಾವಾಕಲ್ಲು ಅಲ್ಲಿ ಹೆಚ್ಚಾಗಿ ಹೋದದ್ದು ರಸ್ತೆಗೆ.

ನಮ್ಮ ನೆಲದ ಲಾವಾ ಬಹುಮಟ್ಟಿಗೆ ಸದ್ದಿಲ್ಲದೆ ಹರಿದದ್ದು. ಅದು ಕೊಟ್ಟದ್ದು ಘನಮೀಟರಿಗೆ ಮೂರು ಟನ್ನಿನಷ್ಟು ತೂಗುವ ಕಲ್ಲು. ರೋಮನ್ನರು ಭಾರ ಇಳಿಸುವ ದಾರಿ ಹುಡುಕಿದರೆ, ಖಿದ್ರಾಪುರದ ಶಿಲ್ಪಿಗಳು ಭಾರವನ್ನೇ ಕೆಲಸಕ್ಕೆ ಹಚ್ಚಿದರು.

ಅದೇ ಕರಿಕಲ್ಲು ಇಂದು ಕ್ರಷರಿನಲ್ಲಿ ಖಡಿಯಾಗುತ್ತಿದೆ. ಸ್ವರ್ಗಮಂಟಪದಲ್ಲಿ ನಿಂತವರೆಲ್ಲ ಆಕಾಶವನ್ನೇ ನೋಡುತ್ತಾರೆ. ಅಲ್ಲಿಗೆ ಹೋದಾಗ ಆ ದುಂಡು ಅಂಚಿನಲ್ಲಿ ಕಲ್ಲಿಗೆ ಕಲ್ಲು ಕೂಡಿದ ಸಂದುಗಳನ್ನೂ ನೋಡಿ. ಕಟ್ಟಿದವರ ಜಾಣ್ಮೆಯೆಲ್ಲ ಇರುವುದು ಅಲ್ಲೇ.