ಚಿಕಿತ್ಸಾ ಕ್ಷೇತ್ರದಿಂದ ಸಾಧನ ತಯಾರಿಕೆಗೆ: ಉದ್ಯಮಕ್ಕೆ ಬರುವ ವೈದ್ಯರ ಪಾತ್ರ

ವೈದ್ಯಕೀಯ ಸಾಧನಗಳ ತಯಾರಿಕೆಗೆ ಇಳಿದಿರುವ ಸಣ್ಣ ಉದ್ದಿಮೆಗಳು ವೈದ್ಯರನ್ನು ಸಲಹೆಗಾರರನ್ನಾಗಿ, ಕೆಲವೆಡೆ ಪಾಲುದಾರರನ್ನಾಗಿಯೂ ಸೇರಿಸಿಕೊಳ್ಳುವುದುಂಟು. ಆದರೆ ಹಾಗೆ ಬಂದ ವೈದ್ಯರಿಂದ ನಿರೀಕ್ಷಿಸಬೇಕಾದುದೇನು? ಅವರ ಹೆಸರು, ಆಸ್ಪತ್ರೆಗಳ ಪರಿಚಯ, ಅದರಿಂದ ಬರಬಹುದಾದ ಆರ್ಡರುಗಳು. ಉದ್ದಿಮೆದಾರರ ಲೆಕ್ಕಾಚಾರ ಬಹುಮಟ್ಟಿಗೆ ಇಲ್ಲಿಗೇ ನಿಲ್ಲುತ್ತದೆ. ವೈದ್ಯರ ನಿಜವಾದ ಉಪಯೋಗ ಬೇರೆಡೆ ಇದೆ ಎಂಬುದಕ್ಕೆ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡ ಕೃತಕ ಹೃದಯ ಕವಾಟವು ಉತ್ತಮ ನಿದರ್ಶನ.

ಆ ಸಂಸ್ಥೆಯನ್ನು ಕಟ್ಟಿದ ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ. ಎಸ್. ವಲಿಯತ್ತಾನ್ ಅವರು ಮುಂದೆ 1993ರಲ್ಲಿ ಮಣಿಪಾಲದ ಉನ್ನತ ಶಿಕ್ಷಣ ಸಂಸ್ಥೆಯ ಮೊದಲ ಕುಲಪತಿಗಳಾಗಿ ಕರ್ನಾಟಕಕ್ಕೂ ಪರಿಚಿತರಾದರು. 1970ರ ದಶಕದಲ್ಲಿ ಕವಾಟಗಳು ಹೊರದೇಶದಿಂದಲೇ ಬರಬೇಕಾಗಿತ್ತು. ರುಮ್ಯಾಟಿಕ್ ಜ್ವರದಿಂದ ಹೃದಯ ಕೆಟ್ಟ ಬಡ ರೋಗಿಗಳಿಗೆ ಅವುಗಳ ಬೆಲೆ ಎಟುಕುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯ ಜೊತೆಗೇ ಅವರು ಎಂಜಿನಿಯರುಗಳ ತಂಡವೊಂದನ್ನು ಕಟ್ಟಿ ಕವಾಟದ ಕೆಲಸವನ್ನು ಆರಂಭಿಸಿದರು. ಮೊದಲ ಮಾದರಿಯಲ್ಲಿ ಲೋಹದ ಬೆಸುಗೆ ಕೈಕೊಟ್ಟಿತು. ಎರಡನೆಯದರಲ್ಲಿ ಕೃತಕ ನೀಲಮಣಿಯ ಬಿಲ್ಲೆಯು ಟೈಟಾನಿಯಂ ಚೌಕಟ್ಟನ್ನು ಸವೆಸಿತು. ಮೂರನೆಯದು ಪ್ರಯೋಗಾಲಯದಲ್ಲಿ ತೇರ್ಗಡೆಯಾಯಿತಾದರೂ ಕುರಿಗೆ ಜೋಡಿಸಿದ ಮೇಲೆ ಅದರ ಬಿಲ್ಲೆ ಒಡೆಯಿತು. ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಪಾಲಿಎಥಿಲೀನ್ ಬಿಲ್ಲೆ ಹಾಗೂ ಪಾಲಿಯೆಸ್ಟರ್ ಬಟ್ಟೆಯ ಅಂಚುಳ್ಳ ನಾಲ್ಕನೆಯ ಮಾದರಿಯನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಅದರ ವಾಣಿಜ್ಯ ಉತ್ಪಾದನೆಯನ್ನು ಟಿ.ಟಿ.ಕೆ. ಸಮೂಹ ವಹಿಸಿಕೊಂಡಿತು.

ನಿಮಿಷಕ್ಕೆ 72 ಬಡಿತದಂತೆ ಲೆಕ್ಕ ಹಾಕಿದರೆ ಇಂತಹ ಬಿಲ್ಲೆಯು ವರ್ಷಕ್ಕೆ ಸುಮಾರು 3.8 ಕೋಟಿ ಸಲ ತೆರೆದು ಮುಚ್ಚಬೇಕು. ಇದನ್ನು ಯಂತ್ರದಲ್ಲಿ ಪರೀಕ್ಷಿಸುವುದು ಎಂಜಿನಿಯರರ ಕೆಲಸ. ಆದರೆ ಎಷ್ಟು ಸವೆತವನ್ನು ಸಹಿಸಬಹುದು, ಯಾವ ವೈಫಲ್ಯದಿಂದ ರೋಗಿ ಬದುಕುಳಿಯುತ್ತಾನೆ, ಯಾವುದರಿಂದ ಇಲ್ಲ ಎಂಬುದನ್ನು ರೋಗಿಯ ಪಕ್ಕದಲ್ಲಿ ನಿಂತವರೇ ಹೇಳಬೇಕು. ಮೂರನೆಯ ಮಾದರಿಯನ್ನು ಪ್ರಯೋಗಾಲಯದ ಫಲಿತಾಂಶವೊಂದನ್ನೇ ನಂಬಿ ಮಾರುಕಟ್ಟೆಗೆ ಬಿಟ್ಟಿದ್ದರೆ ಆಗಬಹುದಾಗಿದ್ದ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಹೊಸದಾಗಿ ಬರುವ ವೈದ್ಯರಿಗೂ ಇದು ಸುಲಭದ ಬದಲಾವಣೆಯಲ್ಲ. ನಿಮಿಷಗಳಲ್ಲಿ ನಿರ್ಧಾರ ಕೈಗೊಂಡು ದಿನಗಳಲ್ಲಿ ಫಲ ಕಾಣುತ್ತಿದ್ದವರು ಇಲ್ಲಿ ವರ್ಷಗಟ್ಟಲೆ ಕಾಯಬೇಕು. ಪ್ರತಿ ತೀರ್ಮಾನಕ್ಕೂ ಕಾಗದಪತ್ರ ಬರೆದಿಡಬೇಕು. ಈ ಕಾಗದಪತ್ರವನ್ನು ಈಗ ಕಾನೂನೇ ಕೇಳುತ್ತದೆ. 2018ರ ಜನವರಿ 1ರಿಂದ ಜಾರಿಗೆ ಬಂದ ವೈದ್ಯಕೀಯ ಸಾಧನ ನಿಯಮಗಳು ಅಪಾಯದ ಪ್ರಮಾಣಕ್ಕನುಗುಣವಾಗಿ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ವರ್ಗೀಕರಿಸಿವೆ. ತಯಾರಿಕೆಯ ಪರವಾನಗಿಯನ್ನು ಮೊದಲೆರಡು ವರ್ಗಗಳಿಗೆ ರಾಜ್ಯದ ಪ್ರಾಧಿಕಾರವೂ ಉಳಿದೆರಡಕ್ಕೆ ಕೇಂದ್ರವೂ ನೀಡುತ್ತವೆ. ಹೃದಯ ಕವಾಟವು ಡಿ ವರ್ಗಕ್ಕೆ ಸೇರಿದೆ. ಮಾರಾಟದ ನಂತರ ಬರುವ ದೂರುಗಳ ಮೇಲೆ ನಿಗಾ ಇಡುವುದೂ ತಯಾರಕರ ಹೊಣೆ. ಆ ದೂರುಗಳನ್ನು ಓದಿ ತೂಗಲು ಚಿಕಿತ್ಸೆಯ ಅನುಭವವೇ ಬೇಕು.

ಇನ್ನು ಹಿತಾಸಕ್ತಿಯ ಪ್ರಶ್ನೆ. ಕಂಪನಿಯಲ್ಲಿ ಷೇರು ಹೊಂದಿದ ವೈದ್ಯರು ಅದೇ ಸಾಧನವನ್ನು ತಮ್ಮ ರೋಗಿಗೆ ಸೂಚಿಸಿದರೆ ಸಂಶಯ ಸಹಜ. ವೈದ್ಯರಿಗೆ ಉಡುಗೊರೆ ನೀಡುವುದನ್ನು ನಿಷೇಧಿಸಿ 2024ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮಾರಾಟ ಸಂಹಿತೆಯು ಸಾಧನ ತಯಾರಕರನ್ನೂ ಒಳಗೊಂಡಿದೆ. ಆದ್ದರಿಂದ ಸಂಬಳ, ರಾಯಧನ, ಪಾಲು ಯಾವುದೇ ಇರಲಿ, ಬರವಣಿಗೆಯಲ್ಲಿರಬೇಕು, ಆಸ್ಪತ್ರೆಗೆ ತಿಳಿದಿರಬೇಕು, ಅಲ್ಲಿನ ಖರೀದಿ ಸಮಿತಿಯಲ್ಲಿ ಆ ವೈದ್ಯರು ಕುಳಿತುಕೊಳ್ಳಬಾರದು.

ಒಪ್ಪಂದದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಅಂಶ ಇನ್ನೊಂದಿದೆ. ದೂರು ಗಂಭೀರವೆಂದು ಕಂಡಾಗ ಮಾಲಿನ ರವಾನೆಯನ್ನು ತಡೆಹಿಡಿಯುವ ಅಧಿಕಾರವನ್ನು ವೈದ್ಯರಿಗೆ ಲಿಖಿತವಾಗಿ ನೀಡಬೇಕು. ತಿಂಗಳ ಕೊನೆಯಲ್ಲಿ, ಆರ್ಡರು ಬಾಕಿಯಿರುವಾಗ, ಅದನ್ನು ಬಳಸಿದರೂ ಅವರ ಹುದ್ದೆಗೆ ಧಕ್ಕೆಯಾಗದಂತಿರಬೇಕು.