ಷರಾ ಇಲ್ಲದ ಅಂಕಿ

ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಲೆಡ್ಜರ್ ಬರೆದ ಕೈ ನನ್ನದು. ಎಪ್ಪತ್ತು ದಾಟಿದರೂ ಅಂಕಿ ಕಂಡರೆ ಪೆನ್ಸಿಲ್ ಹುಡುಕುತ್ತದೆ. ಮೊನ್ನೆ ಮೊಮ್ಮಗಳು ದಶಮಾಂಶದ ಭಾಗಾಕಾರಕ್ಕೆ ಕೂತು, "ತಾತ, ಇದೆಲ್ಲ ಯಾತಕ್ಕೆ ಬೇಕು?" ಎಂದು ಮುಖ ಸಿಂಡರಿಸಿದಳು. "138ನ್ನು 322ರಿಂದ ಭಾಗಿಸು, ಆಮೇಲೆ ಒಂದು ಕಥೆ ಹೇಳುತ್ತೇನೆ" ಎಂದೆ. ನೀವೂ ಮಾಡಿ ನೋಡಿ, ಮಕ್ಕಳೇ. 0.429 ಬರುತ್ತದೆ.

ಅದು ಅಮೆರಿಕದ ಬೇಸ್‌ಬಾಲ್ ಆಟಗಾರ ರಾಸ್ ಬಾರ್ನ್ಸ್‌ನ 1876ರ ಸರಾಸರಿ. ಕ್ರಿಕೆಟ್‌ನಲ್ಲಿ ಒಟ್ಟು ರನ್ನುಗಳನ್ನು ಔಟಾದ ಸಂಖ್ಯೆಯಿಂದ ಭಾಗಿಸುತ್ತೇವೆ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಲೆಕ್ಕಕ್ಕೆ ಬರುವ ಸರದಿ ಎಷ್ಟು, ಅದರಲ್ಲಿ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದ್ದು ಎಷ್ಟು ಸಲ ಎಂದು ನೋಡುತ್ತಾರೆ. ಹತ್ತಕ್ಕೆ ಮೂರು ಸಲ ಹೊಡೆದವನೇ ಗಟ್ಟಿಗ. ಬಾರ್ನ್ಸ್ ನಾಲ್ಕಕ್ಕೂ ಹೆಚ್ಚು!

ಸಂಬಳ ಕೊಟ್ಟು ಇಡೀ ತಂಡವನ್ನು ಬಹಿರಂಗವಾಗಿ ಕಟ್ಟಿದ್ದು ಸಿನ್ಸಿನಾಟಿಯವರು, 1869ರಲ್ಲಿ. ನ್ಯಾಷನಲ್ ಲೀಗ್ ಶುರುವಾದದ್ದು 1876ರಲ್ಲಿ. ಆ ವರ್ಷ ಗೆದ್ದದ್ದು ಬಾರ್ನ್ಸ್ ಇದ್ದ ಷಿಕಾಗೋ ತಂಡ. ಲೀಗಿನ ಮೊಟ್ಟಮೊದಲ ಹೋಂ ರನ್ನೂ ಅವನದೇ.

ಅವನಿಗೊಂದು ಕೈಚಳಕ ಗೊತ್ತಿತ್ತು. ಚೆಂಡು ಗೆರೆಯ ಒಳಗೆ ಒಮ್ಮೆ ಪುಟಿದು, ಆಮೇಲೆ ಗೆರೆಯಾಚೆ ದೂರ ಉರುಳುವಂತೆ ತಟ್ಟುತ್ತಿದ್ದ. ಆಗಿನ ನಿಯಮದಂತೆ ಅದು ಸರಿಯಾದ ಹೊಡೆತವೇ. 1877ರಲ್ಲಿ ನಿಯಮ ಬದಲಾಯಿತು, ಅಂಥ ಹೊಡೆತ ಲೆಕ್ಕಕ್ಕಿಲ್ಲವಾಯಿತು. ಆ ವರ್ಷ ಬಾರ್ನ್ಸ್ 92 ಸರದಿಯಲ್ಲಿ 25 ಸಲ ಹೊಡೆದ. ಭಾಗಿಸಿದರೆ 0.272.

"ಚಳಕ ಹೋಯಿತು, ಆಟ ಮುಗಿಯಿತು" ಎಂದು ಜನ ಆಡಿಕೊಂಡರು. ಆದರೆ ಅದೇ ವರ್ಷ ಅವನಿಗೆ ಚಳಿಜ್ವರ ಹಿಡಿದಿತ್ತು. ಆಡಲಾಗಿದ್ದು 22 ಪಂದ್ಯ ಮಾತ್ರ. ಮಲಗಿದ್ದ ದಿನಗಳ ಸಂಬಳವನ್ನು ತಂಡದವರು ಕೊಡಲಿಲ್ಲ. ಅವನು ಕೋರ್ಟಿಗೆ ಹೋದ, ಅಲ್ಲೂ ಸೋತ. ಹಳೆಯ ಆಟ ಮತ್ತೆ ಬರಲೇ ಇಲ್ಲ.

ಇದನ್ನು ಓದಿದಾಗ ನನಗೆ ನನ್ನ ಕಾಮಾಲೆ ನೆನಪಾಯಿತು. ಒಂದೂವರೆ ತಿಂಗಳು ಹಾಸಿಗೆ ಹಿಡಿದಿದ್ದೆ. ಹಾಗಿದ್ದರೂ ತಿಂಗಳ ಕೊನೆಗೆ ಸಂಬಳ ಖಾತೆಗೆ ಬಿತ್ತು, ಮನೆಯಲ್ಲಿ ಒಲೆ ಉರಿಯಿತು. ಕಾಯಿಲೆ ರಜೆ ಎಂಬುದು ಎಷ್ಟು ದೊಡ್ಡದೆಂದು ಆವತ್ತು ತಿಳಿದಿತ್ತು.

ನಿಯಮ ಬದಲಾದರೆ ಅಂಕಿ ಮೇಲಕ್ಕೂ ಏರಬಹುದು. ಕೆನಡಾದಲ್ಲಿ ಹುಟ್ಟಿದ ಟಿಪ್ ಓನೀಲ್ 1887ರಲ್ಲಿ 0.492 ಗಳಿಸಿದ. ಎದುರಾಳಿ ಕೆಟ್ಟ ಚೆಂಡುಗಳನ್ನು ಎಸೆದದ್ದರಿಂದ ಸಿಕ್ಕ ಬೇಸನ್ನೂ ಆ ಒಂದು ವರ್ಷ ಹೊಡೆತವೆಂದೇ ಎಣಿಸಿದ್ದರು. ಅದನ್ನು ಕಳೆದರೆ 0.435. ಅದೂ ಸಾಮಾನ್ಯವಲ್ಲ. 1894ರಲ್ಲಿ ಬಾಸ್ಟನ್ನಿನ ಹ್ಯೂ ಡಫಿ 0.440 ಹೊಡೆದ.

ನಮ್ಮ ಲೆಡ್ಜರಿನಲ್ಲಿ ಕೊನೆಗೊಂದು 'ಷರಾ' ಕಾಲಂ ಇರುತ್ತಿತ್ತು. ಅಂಕಿ ಯಾಕೆ ಹೀಗಾಯಿತು ಎಂದು ಅಲ್ಲಿ ಬರೆಯಬೇಕು. ಅದು ಖಾಲಿ ಇದ್ದರೆ ಮ್ಯಾನೇಜರು ಪುಸ್ತಕ ವಾಪಸು ಕಳಿಸುತ್ತಿದ್ದರು.

ಇಷ್ಟು ಹೇಳಿ ನಾನು ಕಾಫಿ ಕುಡಿಯಲು ಎದ್ದೆ. ಬಂದು ನೋಡಿದರೆ ಮೊಮ್ಮಗಳು 0.272ರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: "ಪಾಪ, ಜ್ವರ ಇತ್ತು."